ಶನಿವಾರದ ರಕ್ತದೊತ್ತಡ

ಒರೆಸ್ತ್ ಬಾಜ್ಯುಕ್ ಗೋಧಿ ಕಣಜದ ತಗಡಿನ ಮೇಲಿಂದ ಜಾರಿ ಬಿದ್ದು ಬೆನ್ನುಹುರಿ ಮುರಿದುಕೊಂಡು ಒಂಬತ್ತು ವರ್ಷವಾಗಿತ್ತು. ಅಂದಿನಿಂದ ಅವನನ್ನು ನೋಡಿದ ಡಾಕ್ಟರುಗಳೆಲ್ಲ ಮೊದಲು ಕಾಲು ಮುಟ್ಟಿ ನೋಡುತ್ತಿದ್ದರು, ಆಮೇಲೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಹಾಗಾಗಿ ವಿನಿಪೆಗ್‌ನ ಡಾಕ್ಟರ್ ಸಿಗ್ರಿಡ್ ಥೋರ್ಲಾಕ್ಸನ್ ಮೊದಲ ಭೇಟಿಯಲ್ಲೇ, "ನಿಮ್ಮ ಕಾಲು ನನಗೆ ಬೇಡ, ನಿಮ್ಮ ಹೃದಯ ಬೇಕು" ಅಂದಾಗ ಅವನಿಗೆ ನಗು ತಡೆಯಲಾಗಲಿಲ್ಲ.

"ಕೇಳಿಸ್ಕೊಂಡ್ಯಾ ಡಾರ್ಕಾ?" ಅಂತ ಹೆಂಡತಿಯ ಕಡೆ ತಿರುಗಿದ. "ಈ ವಯಸ್ಸಲ್ಲೂ ನನ್ನ ಹೃದಯ ಕೇಳೋರಿದ್ದಾರೆ."

"ತಗೊಂಡೋಗ್ಲಿ ಬಿಡು," ಅಂದಳು ಡಾರ್ಕಾ, ಹೆಣೆಯುತ್ತಿದ್ದ ಟೋಪಿಯಿಂದ ತಲೆ ಎತ್ತದೆ. "ಜೊತೆಗೆ ಹೊಟ್ಟೇನೂ ತಗೊಂಡ್ರೆ ನಂಗೆ ಅಡುಗೆ ಕೆಲಸ ತಪ್ಪುತ್ತೆ."

ಡಾಕ್ಟರಮ್ಮನ ಸಂಶೋಧನೆ ಇದ್ದದ್ದು ಇಷ್ಟು: ಬೆನ್ನುಹುರಿ ಮುರಿದರೆ ಕಾಲು ನಿಲ್ಲುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಆ ಪೆಟ್ಟು ಬೆನ್ನಲ್ಲೇ ಕೂತಿರುವುದಿಲ್ಲ. ಹೃದಯ, ರಕ್ತನಾಳ, ಕರುಳು, ಮೂತ್ರಕೋಶ ಎಲ್ಲಕ್ಕೂ ಮೆದುಳಿನಿಂದ ಹೋಗುವ ಅಪ್ಪಣೆ ಅದೇ ದಾರಿಯಲ್ಲಿ ಹೋಗಬೇಕಲ್ಲ. ದಾರಿ ಮುಚ್ಚಿದ ಮೇಲೆ ಅವೆಲ್ಲ ತಮ್ಮಷ್ಟಕ್ಕೆ ತಾವೇ ಸಂಸಾರ ನಡೆಸಬೇಕು. ಹಾಗೆ ನಡೆಸುತ್ತ ನಡೆಸುತ್ತ ಹೃದಯ ಹೇಗೆ ಸವೆಯುತ್ತದೆ ಅಂತ ಆಕೆ ನೋಡುತ್ತಿದ್ದಳು. ಅದಕ್ಕೆ ಒರೆಸ್ತನಂಥವರು ಬೇಕಾಗಿದ್ದರು. ತೋಳಿಗೊಂದು ಪಟ್ಟಿ ಕಟ್ಟಿಕೊಳ್ಳಬೇಕು, ಅದು ಆಗಾಗ ತಾನೇ ಉಬ್ಬಿ ರಕ್ತದೊತ್ತಡ ಅಳೆದು ಇಟ್ಟುಕೊಳ್ಳುತ್ತದೆ. ಬೇರೇನೂ ಮಾಡಬೇಕಾಗಿಲ್ಲ, ಎಂದಿನಂತೆ ಬದುಕಿದರೆ ಸಾಕು.

ಎಂದಿನಂತೆ ಬದುಕುವುದು ಒರೆಸ್ತನಿಗೆ ಕಷ್ಟವೇನಲ್ಲ. ವಾರದ ದಿನಗಳಲ್ಲಿ ಟೊಮ್ಯಾಟೊ ಗಿಡಗಳ ಜೊತೆ ಜಗಳ, ಕಾಫಿ ಅಂಗಡಿಯಲ್ಲಿ ಗೋಧಿ ಬೆಲೆಯ ಬಗ್ಗೆ ಜಗಳ. ಶನಿವಾರ ಬಂತೆಂದರೆ ಮಾತ್ರ ಅವನು ಬೇರೆಯೇ ಮನುಷ್ಯ. ತನ್ನ ಡಾಫಿನ್ ಊರಿನ ಸುತ್ತಮುತ್ತ ಬೇಸಿಗೆಯಲ್ಲಿ ಯಾವ ಮದುವೆಯಾದರೂ, ಯಾವ ಹಾಲ್‌ನಲ್ಲಿ ಕುಣಿತವಿದ್ದರೂ ಅಲ್ಲಿ ಅವನ ಸಿಂಬಾಲಿ ಎಂಬ ತಂತಿಗಳ ಹಲಗೆವಾದ್ಯ ಇರಲೇಬೇಕು. ಮೊಸರು ಕಡೆಯುವ ಹೆಂಗಸರ ಕೈಯಷ್ಟು ಸಲೀಸಾಗಿ ಅವನ ಎರಡು ಪುಟ್ಟ ಮರದ ಸುತ್ತಿಗೆಗಳು ಆ ಹಲಗೆಯ ಮೇಲಿನ ತಂತಿಗಳ ಗುಂಪನ್ನು ಬಡಿದು ಹಾಡಿಸುತ್ತಿದ್ದವು. ಡಾರ್ಕಾಳ ತಮ್ಮ ನೆಸ್ಟರ್ ಪಕ್ಕದಲ್ಲಿ ಪಿಟೀಲು. ಗಾಲಿಕುರ್ಚಿಯಲ್ಲಿ ಕೂತು ಸಿಂಬಾಲಿಯನ್ನು ತೊಡೆಯ ಮೇಲಿಟ್ಟು, ಅದರ ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡು ಅವನು ಶುರುಮಾಡಿದರೆ ಅರ್ಧ ತಾಸಿನಲ್ಲಿ ಮುಖ ಬೀಟ್‌ರೂಟ್ ಸಾರಿನಂತೆ ಕೆಂಪಾಗುತ್ತಿತ್ತು, ಹಣೆಯಿಂದ ಬೆವರು ಧಾರಾಕಾರ, ತೋಳಿನ ರೋಮವೆಲ್ಲ ಸೆಟೆದು ನಿಲ್ಲುತ್ತಿತ್ತು.

"ಒರೆಸ್ತನಿಗೆ ಬೆಂಕಿ ಹತ್ತಿತು ನೋಡ್ರೋ!" ಅಂತ ಕೂಗುತ್ತಿದ್ದರು ಜನ. ಕುಣಿತ ಇನ್ನಷ್ಟು ಜೋರಾಗುತ್ತಿತ್ತು.

ಒರೆಸ್ತನಿಗೂ ಅದೇ ಅನಿಸುತ್ತಿತ್ತು. ಬೀಳುವ ಮುಂಚೆ ಅವನಿಗೆ ಹೀಗೆ ಆಗುತ್ತಿರಲಿಲ್ಲ. ಕಾಲು ಕಿತ್ತುಕೊಂಡ ದೇವರು ಬದಲಿಗೆ ಇದನ್ನು ಕೊಟ್ಟಿದ್ದಾನೆ ಅಂತ ಯಾರಿಗೂ ಹೇಳದೆ ನಂಬಿಕೊಂಡಿದ್ದ. ಕೊನೆಗೊಂದು ತಲೆನೋವು ಬರುತ್ತಿತ್ತು, ಬರಲಿ. ಊಟಕ್ಕೂ ನಿಲ್ಲದೆ ಮನೆಗೆ ಬಂದು ಮಲಗುತ್ತಿದ್ದ. ಬಿಯರ್ ಜಾಸ್ತಿಯಾಯಿತು ಅಂತ ಡಾರ್ಕಾ ಬೈಯುತ್ತಿದ್ದಳು.

ಜುಲೈನಲ್ಲಿ ಡಾಕ್ಟರಮ್ಮ ಇಬ್ಬರನ್ನೂ ವಿನಿಪೆಗ್‌ಗೆ ಕರೆಸಿದಳು. ಪರದೆಯ ಮೇಲೆ ಒರೆಸ್ತನ ರಕ್ತದೊತ್ತಡದ ಗೆರೆ ಹುಲ್ಲುಗಾವಲಿನ ಹಾಗೆ ಚಪ್ಪಟೆಯಾಗಿತ್ತು. ಅಲ್ಲಲ್ಲಿ ಮಾತ್ರ ಒಂದೊಂದು ದೊಡ್ಡ ಗುಡ್ಡ.

"ಈ ಗುಡ್ಡಗಳೆಲ್ಲ ಶನಿವಾರ ಸಂಜೆ," ಅಂದಳು ಆಕೆ. "ಶನಿವಾರ ಸಂಜೆ ಏನು ಮಾಡ್ತೀರಿ?"

ಒರೆಸ್ತ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಕಟಾವು ಯಂತ್ರ ಹೋಗಿತ್ತು, ಏಣಿ ಹೋಗಿತ್ತು, ಕುಣಿತ ಹೋಗಿತ್ತು. ಪ್ರತಿಯೊಂದನ್ನೂ ಯಾರೋ ಒಬ್ಬ ಬಿಳಿ ಕೋಟಿನವರು ಮೆತ್ತಗೆ ಮಾತಾಡುತ್ತಲೇ ಕಿತ್ತುಕೊಂಡಿದ್ದರು. ಈಗ ಇವಳೂ ಮೆತ್ತಗೆ ಮಾತಾಡುತ್ತಿದ್ದಳು.

"ಮನೇಲೇ ಇರ್ತೀನಿ. ಟೀವಿಲಿ ಹಾಕಿ ಮ್ಯಾಚ್ ನೋಡ್ತೀನಿ," ಅಂದ. "ನಮ್ಮ ಟೀಮಿನ ಆಟ ನೋಡಿದ್ರೆ ಯಾರಿಗಾದ್ರೂ ರಕ್ತ ಕುದಿಯುತ್ತೆ ಡಾಕ್ಟ್ರಮ್ಮ."

"ಐಸ್ ಹಾಕಿ?"

"ಇನ್ಯಾವ್ದು?"

"ಜುಲೈನಲ್ಲಿ?"

ಐಸ್ ಹಾಕಿ ಚಳಿಗಾಲದ ಆಟ. ಆಚೆ ಕಿಟಕಿಯಲ್ಲಿ ಜನ ಚಡ್ಡಿ ಹಾಕಿಕೊಂಡು ಐಸ್‌ಕ್ರೀಮ್ ತಿನ್ನುತ್ತ ಹೋಗುತ್ತಿದ್ದರು. ಡಾರ್ಕಾ ಗಂಡನ ಮಾನ ಉಳಿಸಲು ಅಷ್ಟು ಹೊತ್ತು ತುಟಿ ಕಚ್ಚಿಕೊಂಡಿದ್ದವಳು ಈಗ ಪಕ್ಕನೆ ನಕ್ಕುಬಿಟ್ಟಳು.

"ಇವನು ಸಿಂಬಾಲಿ ಬಾರಿಸ್ತಾನೆ ಡಾಕ್ಟ್ರೇ. ಶನಿವಾರ ಕಟ್ಟಿಹಾಕಿದ್ರೂ ಮನೇಲಿರಲ್ಲ."

"ಅದು ಸಂಗೀತದ ಉಮೇದು ಡಾಕ್ಟ್ರಮ್ಮ," ಅಂದ ಒರೆಸ್ತ್ ಗಡಿಬಿಡಿಯಲ್ಲಿ. "ಖುಷಿಗೆ ರಕ್ತ ಏರುತ್ತೆ. ಅದೇನು ಕಾಯಿಲೇನಾ?"

ಆಕೆ ಇನ್ನೊಂದು ಗೆರೆಯನ್ನು ತೋರಿಸಿದಳು. "ಇದು ನಿಮ್ಮ ನಾಡಿ. ಖುಷಿಯಾದ್ರೆ ಹೃದಯ ಓಡುತ್ತೆ. ನಿಮ್ಮದು ಒತ್ತಡ ಏರಿದ ಹೊತ್ತಲ್ಲೇ ನಿಧಾನ ಆಗ್ತಿದೆ, ನೋಡಿ. ಎದೆಯಿಂದ ಕೆಳಗೆ ನಿಮ್ಮ ಮೈಗೆ ಏನೋ ಹಿಂಸೆ ಆಗ್ತಿದೆ ಒರೆಸ್ತ್ ಅವರೇ. ಆ ಸುದ್ದಿ ಮೆದುಳಿಗೆ ಮುಟ್ಟೋ ದಾರಿ ಇಲ್ಲ, ನಿಮಗೆ ನೋವು ಗೊತ್ತಾಗಲ್ಲ. ಆದ್ರೆ ಮೈ ಸುಮ್ನಿರಲ್ಲ, ರಕ್ತನಾಳಗಳನ್ನೆಲ್ಲ ಹಿಂಡಿ ಬಿಗಿ ಮಾಡುತ್ತೆ. ಒತ್ತಡ ಏರುತ್ತೆ. ಮೆದುಳು ಗಾಬರಿಯಾಗಿ ತನ್ನ ಕೈಲಾದಷ್ಟು ಮಾಡುತ್ತೆ: ಹೃದಯಕ್ಕೆ ನಿಧಾನ ಹೋಗು ಅನ್ನುತ್ತೆ, ಮುಖ ಕೆಂಪು ಮಾಡುತ್ತೆ, ಬೆವರಿಸುತ್ತೆ."

"ರೋಮ ನಿಲ್ಲೋದು?"

"ಅದೂ ಇದರಲ್ಲೇ ಬರುತ್ತೆ."

ಒರೆಸ್ತ್ ಕಿಟಕಿಯ ಕಡೆ ಮುಖ ತಿರುಗಿಸಿದ. ಮುಂದಿನ ಸಲ ಸಿಂಬಾಲಿ ತಗೊಂಡು ಬನ್ನಿ, ಇಲ್ಲೇ ಬಾರಿಸಿ ನೋಡೋಣ, ಹೀಗೇ ಬಿಟ್ಟರೆ ಒಂದು ದಿನ ಮೆದುಳಲ್ಲಿ ರಕ್ತನಾಳ ಒಡೆದೀತು ಅಂತ ಆಕೆ ಹೇಳಿದ್ದು ಅವನ ಕಿವಿಗೆ ಬಿತ್ತು, ತಲೆನೋವು ಜೋರಾದರೆ ಏನು ಮಾಡಬೇಕು ಅಂತ ಡಾರ್ಕಾಳಿಗೆ ಹೇಳಿಕೊಟ್ಟದ್ದೂ ಬಿತ್ತು.

ವಾಪಸು ಬರುವ ದಾರಿಯಲ್ಲಿ ವ್ಯಾನು ಓಡಿಸುತ್ತಿದ್ದವಳು ಡಾರ್ಕಾ. ಎರಡೂ ಕಡೆ ಸಾಸಿವೆ ಹೊಲಗಳು ಹಳದಿ ಚೆಲ್ಲಿಕೊಂಡು ಬಿದ್ದಿದ್ದವು.

"ತಗೊಂಡೋಗ್ತೀಯೋ ಇಲ್ವೋ?" ಅಂದಳು.

"ಇಲ್ಲ."

"ಯಾಕಂತೆ?"

"ತಗೊಂಡೋದ್ರೆ ಅಲ್ಲೇ ಇಟ್ಕೋತಾರೆ. ನಂಗೊತ್ತು ಅವರ ಜಾತಿ."

"ಮೊಂಡ," ಅಂದಳು ಡಾರ್ಕಾ. ಕೈ ಚಾಚಿ ರೇಡಿಯೊದ ದನಿ ಏರಿಸಿದಳು.

ಆ ಶನಿವಾರ ಊರಿನ ಹಾಲ್‌ನಲ್ಲಿ ಯಾರದೋ ಮದುವೆಯ ಐವತ್ತನೇ ವರ್ಷದ ಸಡಗರ. ಒರೆಸ್ತ್ ತೋಳಿನ ಪಟ್ಟಿಯನ್ನು ಬೇಕಂತಲೇ ಮನೆಯಲ್ಲಿ ಬಿಟ್ಟು ಬಂದಿದ್ದ. ಎರಡನೇ ಪೋಲ್ಕಾ ಕುಣಿತ ಶುರುವಾಗುವಷ್ಟರಲ್ಲಿ ಮುಖ ಕೆಂಪೇರಿತು, ಜನ ಕೂಗಿದರು. ಆದರೆ ಈ ಸಲ ಬೆಂಕಿ ಹತ್ತಿ ಅಲ್ಲಿಗೇ ನಿಲ್ಲಲಿಲ್ಲ. ತಲೆಯೊಳಗೆ ಯಾರೋ ಅವನದೇ ಸುತ್ತಿಗೆ ಹಿಡಿದು ಬಡಿಯತೊಡಗಿದರು. ತಂತಿಗಳು ಒಂದಕ್ಕೆ ಎರಡಾಗಿ ಕಂಡವು. ಅವನ ಸುತ್ತಿಗೆ ತಪ್ಪು ತಂತಿಗೆ ಬಿದ್ದದ್ದು ಮೊದಲು ಕೇಳಿಸಿದ್ದು ನೆಸ್ಟರನಿಗೆ. ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತವನು, ಭಾವ ತಪ್ಪು ಬಾರಿಸಿದ್ದನ್ನು ಕೇಳಿದವನೇ ಅಲ್ಲ. ಪಿಟೀಲು ನಿಲ್ಲಿಸಿ, "ಅಕ್ಕಾ!" ಅಂತ ಕಿರುಚಿದ.

ಡಾರ್ಕಾ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಡಾಕ್ಟರಮ್ಮ ಹೇಳಿದ್ದನ್ನು ಅವಳು ಮರೆತಿರಲಿಲ್ಲ: ನೆಟ್ಟಗೆ ಕೂರಿಸಬೇಕು, ಬಿಗಿಯಿದ್ದದ್ದನ್ನೆಲ್ಲ ಬಿಚ್ಚಬೇಕು, ಒತ್ತುತ್ತಿರುವುದನ್ನು ತೆಗೆಯಬೇಕು. ಸಿಂಬಾಲಿಯನ್ನು ಎತ್ತಿ ನೆಸ್ಟರನ ಕೈಗೆ ತುರುಕಿದಳು, ಬೆಲ್ಟ್ ಬಿಚ್ಚಿದಳು, ಶೂ ಕಿತ್ತಳು, ಗಾಲಿಕುರ್ಚಿಯನ್ನು ಹಿಂಬಾಗಿಲಿನಿಂದ ಆಚೆಗೆ ತಳ್ಳಿಕೊಂಡು ಹೋಗಿ ವ್ಯಾನಿನ ಮರೆಯಲ್ಲಿ ನಳಿಕೆ ಹಾಕಿ ಅವನ ಮೂತ್ರಕೋಶ ಖಾಲಿ ಮಾಡಿಸಿದಳು. ನೋಡನೋಡುತ್ತಿದ್ದಂತೆ ತಲೆಯೊಳಗಿನ ಸುತ್ತಿಗೆ ನಿಂತಿತು. ಬಿಗಿದ ಹಗ್ಗ ಕೊಯ್ದ ಹಾಗೆ.

ಒರೆಸ್ತ್ ತೋಳಿನಿಂದ ಮುಖದ ಬೆವರು ಒರೆಸಿಕೊಂಡ. ಆಮೇಲೆ, "ಡಾರ್ಕಾ," ಅಂದ, "ಆ ಡಾಕ್ಟ್ರಮ್ಮನ ನಂಬರ್ ನಿನ್ನ ಫೋನಲ್ಲಿದೆಯಾ?"

"ಇದೆ," ಅಂದಳು ಡಾರ್ಕಾ. ಹಿಟ್ಟಿನ ಕೈಯನ್ನು ಎಪ್ರನ್ನಿಗೆ ಒರೆಸಿ ಫೋನು ತೆಗೆದಳು.

ಪ್ರಯೋಗಾಲಯಕ್ಕೆ ಸಿಂಬಾಲಿ ಬಂದ ದಿನ ಆ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಕೆಲಸ ಮಾಡಿದವರು ಕಡಿಮೆ. ಒರೆಸ್ತನ ಮೈಗೆಲ್ಲ ತಂತಿ ಅಂಟಿಸಿದರು, ಬೆರಳಿಗೊಂದು ಕ್ಲಿಪ್ಪು ಹಾಕಿದರು, ಅದು ಸುತ್ತಿಗೆಗೆ ಅಡ್ಡಬಂತು ಅಂತ ಕಿವಿಗೆ ಹಾಕಿದರು. ನೆಸ್ಟರ್ ಪಿಟೀಲು ತಂದಿದ್ದ. ಜೊತೆಗಿಲ್ಲದೆ ಭಾವನಿಗೆ ಲಯ ಕೂರಲ್ಲ ಅನ್ನುವುದು ನೆಪ, ಅವನಿಗೆ ನೋಡುವ ಆಸೆ. ಮೊದಲ ಪೋಲ್ಕಾ ಬಾಗಿಲು ದಾಟಿ ಆಚೆ ಹೋಯಿತು. ಕಾರಿಡಾರಿನಲ್ಲಿ ನಡೆಯುವುದನ್ನು ಹೊಸದಾಗಿ ಕಲಿಯುತ್ತಿದ್ದ ಮುದುಕನೊಬ್ಬ ಊರುಗೋಲು ಕುಟ್ಟಿ ತಾಳ ಹಾಕಿದ. ಇಬ್ಬರು ನರ್ಸುಗಳು ಔಷಧದ ಗಾಡಿ ಬಿಟ್ಟು ಕೈಕೈ ಹಿಡಿದು ಒಂದು ಸುತ್ತು ಹಾಕಿದರು.

ಡಾಕ್ಟರಮ್ಮ ಮಾತ್ರ ಪರದೆ ಬಿಟ್ಟು ಅಲ್ಲಾಡಲಿಲ್ಲ. "ನಿಲ್ಸಿ," ಅಂದಳು. ಸಿಂಬಾಲಿಯನ್ನು ತೊಡೆಯಿಂದ ಎತ್ತಿ ಮೇಜಿನ ಮೇಲಿಟ್ಟರು. ಗೆರೆ ಇಳಿಯಿತು. ಮತ್ತೆ ತೊಡೆಯ ಮೇಲಿಟ್ಟರು. ಏರಿತು. ಮೂತ್ರಕೋಶ ಖಾಲಿ ಮಾಡಿಸಿ ಮತ್ತೆ ಇಟ್ಟರು. ಏರಿತು, ಆದರೆ ಸ್ವಲ್ಪ.

"ಹಲಗೆಯ ಅಂಚು ಕಿಬ್ಬೊಟ್ಟೆಗೆ ಒತ್ತುತ್ತೆ," ಅಂದಳು ಆಕೆ. "ಅದೇ ಜಾಗದಲ್ಲಿ ಮೂತ್ರಕೋಶ. ತುಂಬಿದ್ರೆ ಮುಗಿದೇಹೋಯ್ತು. ಶನಿವಾರ ಬಾರಿಸೋಕೆ ಕೂತ ಮೇಲೆ ಎಷ್ಟು ಸಲ ಮೂತ್ರಕ್ಕೆ ಹೋಗ್ತೀರಿ?"

ಒರೆಸ್ತ್ ಸುತ್ತಿಗೆಗಳನ್ನು ಒರೆಸುತ್ತ ಕೂತ.

"ಹೇಳು," ಅಂದಳು ಡಾರ್ಕಾ.

"ಹೋಗಲ್ಲ."

"ಒಂದ್ಸಲಾನೂ?"

"ನಮ್ಮೂರ ಹಾಲ್‌ನ ಬಚ್ಚಲ ಬಾಗಿಲಲ್ಲಿ ನನ್ನ ಕುರ್ಚಿ ಹಿಡಿಸಲ್ಲ," ಅಂದ ಒರೆಸ್ತ್ ತಗ್ಗಿದ ದನಿಯಲ್ಲಿ. "ಆಚೆ ಕರ್ಕೊಂಡು ಹೋಗು ಅಂತ ಯಾರನ್ನ ಕೇಳ್ಲಿ? ಮದುವೆ ಮನೇಲಿ? ಮನೆಗೆ ಬರೋವರೆಗೂ ತಡ್ಕೋತೀನಿ."

ಡಾರ್ಕಾ ಬೈಯಲು ಬಾಯಿ ತೆರೆದಳು. ಒಂಬತ್ತು ವರ್ಷ ಅದೇ ಹಾಲ್‌ನ ಅಡುಗೆಮನೆಯಲ್ಲಿ, ಆ ಬಾಗಿಲಿನ ಪಕ್ಕದಲ್ಲೇ ತಾನು ಪಿರೋಹಿ ಕಡುಬು ಮಡಚುತ್ತ ನಿಂತಿದ್ದದ್ದು ನೆನಪಾಗಿ ಬಾಯಿ ಮುಚ್ಚಿದಳು.

"ಹಾಗಾದ್ರೆ ನಂಗೆ ಹತ್ತಿದ್ದ ಬೆಂಕಿ ಇದಾ?" ಅಂದ ಒರೆಸ್ತ್ ಡಾಕ್ಟರಮ್ಮನ ಕಡೆ ನೋಡಿ. "ಇಷ್ಟು ವರ್ಷ ಕಲೆ ಕಲೆ ಅಂದುಕೊಂಡಿದ್ದೆ. ಬರೀ ಮೂತ್ರಾನಾ?"

ನೆಸ್ಟರ್ ಗೋಡೆಯ ಕಡೆ ತಿರುಗಿಕೊಂಡ. ಅವನ ಭುಜ ಕುಣಿಯುತ್ತಿತ್ತು. ಡಾಕ್ಟರಮ್ಮ ನಗಲಿಲ್ಲ.

"ಅದು ನನಗೆ ಗೊತ್ತಿಲ್ಲ," ಅಂದಳು. "ಎರಡನ್ನೂ ಬೇರೆ ಮಾಡಿ ನೋಡ್ಬೇಕು. ಬಾರಿಸೋದು ನಿಲ್ಲಿಸಿ ಅಂತ ನಾನು ಹೇಳಲ್ಲ. ತೊಡೆ ಮೇಲೆ ಬೇಡ, ತುಂಬಿಸ್ಕೊಂಡು ಬೇಡ. ಅಷ್ಟೇ."

ಬಿಳಿ ಕೋಟಿನವರೊಬ್ಬರು ಏನನ್ನೂ ಕಿತ್ತುಕೊಳ್ಳದೆ ಕಳಿಸಿದ್ದು ಅದೇ ಮೊದಲು. ಆದರೂ ಒರೆಸ್ತ್ ಖುಷಿಯಾಗಿ ಮನೆಗೆ ಬರಲಿಲ್ಲ. ಕುತ್ತಿಗೆಯ ಪಟ್ಟಿಯಿಂದ ಭುಜಕ್ಕೆ, ಭುಜದಿಂದ ಎದೆಗೆ ಇಳಿಯುತ್ತಿದ್ದ ತಂತಿಯ ನಡುಕ, ಅವನ ಮೈಗೆ ತಿಳಿಯುತ್ತಿದ್ದ ಸಂಗೀತವೆಂದರೆ ಅದು. ಮೇಜಿನ ಮೇಲಿಟ್ಟರೆ ಅದು ಮೇಜಿಗೆ ಹೋಗುತ್ತದೆ, ಅವನಿಗೇನು ಸಿಕ್ಕಿತು?

ನೆಸ್ಟರ್ ಆ ವಾರವೇ ಸಿಂಬಾಲಿ ಇಡಲು ಒಂದು ಸ್ಟ್ಯಾಂಡು ಮಾಡಿ ತಂದ. ಇಸ್ತ್ರಿ ಮೇಜಿನ ಕಾಲುಗಳು. ಮೊದಲ ಪೋಲ್ಕಾದಲ್ಲೇ ಅದು ಕತ್ತರಿಯಂತೆ ಮಡಚಿಕೊಂಡು ಸಿಂಬಾಲಿ ಟೊಮ್ಯಾಟೊ ಗಿಡಗಳ ಮೇಲೆ ಮಲಗಿತು.

"ಭಾವ, ಗಿಡ ಹೋಯ್ತಲ್ಲ."

"ಗಿಡ ಹೋಗ್ಲಿ. ನಿನ್ನ ಅಕ್ಕನಿಗೆ ಇಸ್ತ್ರಿ ಮೇಜಿನ ಲೆಕ್ಕ ಕೊಡು."

ಎರಡನೆಯದನ್ನು ಹಳೇ ಹೊಲಿಗೆ ಯಂತ್ರದ ಕಬ್ಬಿಣದ ಕಾಲುಗಳಿಂದ ಮಾಡಿದ. ಕುರ್ಚಿಯ ಎರಡೂ ಕೈಗಳಿಗೆ ಕೊಂಡಿ ಹಾಕಿ ಬಿಗಿದರೆ ಭೂಕಂಪವಾದರೂ ಅಲ್ಲಾಡದು, ಹಲಗೆಯ ಅಂಚಿಗೂ ಹೊಟ್ಟೆಗೂ ನಡುವೆ ಒಂದು ಗೇಣು ಜಾಗ. ಕುತ್ತಿಗೆಯ ಪಟ್ಟಿಯನ್ನು ಮಾತ್ರ ಹಾಗೇ ಉಳಿಸಿದ್ದ. "ಭಾರ ಹೊರೋಕಲ್ಲ, ಸುಮ್ನೆ ಇರ್ಲಿ," ಅಂದ. ಒರೆಸ್ತ್ ಪಟ್ಟಿ ಹಾಕಿಕೊಂಡು ಒಂದು ತಂತಿ ಬಡಿದ. ನಡುಕ ಭುಜಕ್ಕೆ ಬಂತು. ಮೊದಲಿನಷ್ಟಲ್ಲ, ಆದರೆ ಬಂತು. ಅವನು ಭಾವಮೈದನ ಬೆನ್ನಿಗೆ ಒಂದು ಗುದ್ದಿದ. ಧನ್ಯವಾದ ಹೇಳುವ ಅಭ್ಯಾಸ ಅವರಿಬ್ಬರ ನಡುವೆ ಇರಲಿಲ್ಲ.

ಬಾಗಿಲಿನ ಕೆಲಸ ಡಾರ್ಕಾ ಹಿಡಿದಳು. ಹಾಲ್‌ನ ಸಮಿತಿಯವರು ಬರುವ ವರ್ಷ ನೋಡೋಣ ಅಂದರು. ನೆಸ್ಟರನ ಮಗಳು ಲಾರಿಸ್ಸಾಳ ಮದುವೆ ಇದ್ದದ್ದು ಆಗಸ್ಟ್‌ನಲ್ಲಿ. ಅಡುಗೆಮನೆಯ ಹೆಂಗಸರನ್ನೆಲ್ಲ ಸೇರಿಸಿ ಡಾರ್ಕಾ, "ಬಾಗಿಲು ಅಗಲ ಆಗೋವರೆಗೂ ಒಂದೇ ಒಂದು ಪಿರೋಹಿ ಮಡಚಲ್ಲ," ಅಂತ ಹೇಳಿ ಕಳಿಸಿದಳು. ಪಿರೋಹಿ ಇಲ್ಲದ ಮದುವೆಯನ್ನು ಯಾರು ಕಂಡಿದ್ದಾರೆ? ಸಮಿತಿಯ ಅಧ್ಯಕ್ಷನೇ ಗರಗಸ ಹಿಡಿದು ಬಂದ. ಚೌಕಟ್ಟು ಒಡೆಯುವಾಗ ಮೊದಲ ಏಟು ತನ್ನದೇ ಆಗಬೇಕು ಅಂತ ಡಾರ್ಕಾ ಹಟ ಹಿಡಿದಳು. ದೊಡ್ಡ ಸುತ್ತಿಗೆ ಬೀಸಿದ ರಭಸಕ್ಕೆ ಪಕ್ಕದ ಕನ್ನಡಿಯೂ ಹೋಯಿತು.

ಮದುವೆಯ ದಿನ ಮಧ್ಯಾಹ್ನ ಡಾಕ್ಟರಮ್ಮ ಹೂವಿನ ಅಂಗಿ ಹಾಕಿಕೊಂಡು, ಕೈಯಲ್ಲಿ ಉಡುಗೊರೆ, ಕಂಕುಳಲ್ಲಿ ಯಂತ್ರ ಹಿಡಿದುಕೊಂಡು ಬಂದಳು. ಒರೆಸ್ತನ ತೋಳಿಗೆ ಪಟ್ಟಿ ಕಟ್ಟಿ, ವೇದಿಕೆಯ ಪಕ್ಕದ ಮೇಜಿನಲ್ಲಿ ಕೂತಳು. ಹೆಂಗಸರು ಅವಳ ತಟ್ಟೆಗೆ ಎಲೆಕೋಸಿನ ಸುರುಳಿ, ಬೆಳ್ಳುಳ್ಳಿ ಸಾಸೇಜು ಬಡಿಸುತ್ತಲೇ ಇದ್ದರು. ಸಾಕು ಅನ್ನುವುದು ಅಲ್ಲಿ ಯಾರಿಗೂ ಅರ್ಥವಾಗದ ಮಾತು.

ಮೊದಲ ಎರಡು ಕುಣಿತ ಮುಗಿದವು. ಒರೆಸ್ತನ ಮುಖ ಮಾಮೂಲಾಗಿಯೇ ಇತ್ತು. ಒಂದು ಹನಿ ಬೆವರಿಲ್ಲ. ಮುಂದಿನ ಸಾಲಿನ ಮುದುಕಿಯೊಬ್ಬಳು ಬಗ್ಗಿ ನೋಡಿ, "ಮೈ ಹುಷಾರಿಲ್ವೇನೋ ಒರೆಸ್ತ್? ಕೆಂಪೇ ಆಗಿಲ್ಲ?" ಅಂದಳು. ಅವನ ಕೈ ಸರಿಯಾಗಿಯೇ ಬೀಳುತ್ತಿತ್ತು, ಸ್ವರ ಸರಿಯಾಗಿಯೇ ಏಳುತ್ತಿತ್ತು. ಬೆಂಕಿ ಮಾತ್ರ ಇಲ್ಲ. ನೆಸ್ಟರನ ಕಡೆ ನೋಡಿ, "ನಂಗೊತ್ತಿತ್ತು ಕಣೋ," ಅಂದ.

"ಏನು?"

"ಬರೀ ಮೂತ್ರವೇ."

"ಬಾಯಿ ಮುಚ್ಕೊಂಡು ಬಾರಿಸು ಭಾವ. ಕೊಲೊಮೈಕಾ ಬಂತು."

ಹಾಲ್‌ನ ಜನವೆಲ್ಲ ದೊಡ್ಡ ಸುತ್ತಾಗಿ ನಿಂತರು. ಒಬ್ಬೊಬ್ಬರಾಗಿ ನಡುವೆ ನುಗ್ಗಿ ತಮ್ಮ ತಮ್ಮ ಕಸರತ್ತು ತೋರಿಸಿದರು: ಕುಕ್ಕರುಗಾಲಲ್ಲಿ ಒದೆಯುವವರು, ಗಿರಗಿರ ತಿರುಗುವವರು. ಲಾರಿಸ್ಸಾ ಮದುವೆಯ ಅಂಗಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ನಡುವೆ ಬಂದಳು. ಬುಗುರಿಯಂತೆ ತಿರುಗುತ್ತ, "ಮಾವಾ, ಇನ್ನೂ ಜೋರು!" ಅಂತ ಕೂಗಿದಳು.

ಈ ಜಾಗದಲ್ಲೇ ಯಾವಾಗಲೂ ಒರೆಸ್ತನ ತಲೆ ಸಿಡಿಯಲು ಶುರುವಾಗುತ್ತಿತ್ತು. ಅವನು ಹೇಗೋ ಹಲ್ಲು ಕಚ್ಚಿ ಮುಗಿಸಿಬಿಡುತ್ತಿದ್ದ. ಈಗ ತಲೆ ಬೆಳಗಿನ ಕೆರೆಯಂತೆ ತಿಳಿಯಾಗಿತ್ತು. ಮುಗಿಸುವ ಅವಸರ ಇರಲಿಲ್ಲ. ಅವನು ಸ್ವರವನ್ನು ಮೇಲಕ್ಕೆ ಒಯ್ದ, ಅಲ್ಲಿಂದ ಕೆಳಗೆ ಉರುಳಿಸಿದ, ನೆಸ್ಟರನಿಗೆ ಕೊಟ್ಟ, ಅವನಿಂದ ಕಿತ್ತುಕೊಂಡ. ಹುಡುಗಿ ತಿರುಗಿದಷ್ಟೂ ಬಾರಿಸಿದ. ಅವಳು ನಿಲ್ಲಲಿಲ್ಲ, ಅವನೂ ನಿಲ್ಲಲಿಲ್ಲ. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತ ಕಿರುಚುತ್ತಿದ್ದರು. ತನ್ನ ಬಾಯಿಯಿಂದಲೂ ಕೂಗು ಬರುತ್ತಿದೆ ಅನ್ನುವುದು ಅವನಿಗೆ ತಡವಾಗಿ ಗೊತ್ತಾಯಿತು.

ಕುಣಿತ ನಿಂತಾಗ ಡಾಕ್ಟರಮ್ಮ ವೇದಿಕೆಯ ಹತ್ತಿರ ಬಂದಳು. ಅವಳ ಗಲ್ಲಕ್ಕೆ ಹುಳಿಕೆನೆ ಮೆತ್ತಿತ್ತು.

"ಒತ್ತಡ ಚೆನ್ನಾಗಿದೆ," ಅಂದಳು. "ಆದ್ರೆ ನಾಡಿ ನೋಡಿ. ಓಡ್ತಿದೆ."

"ಓಡಿದ್ರೆ ಕೆಟ್ಟದ್ದಾ?"

"ಕುಣಿದ್ಲಲ್ಲ ಆ ಮದುಮಗಳು, ಅವಳದ್ದೂ ಹೀಗೇ ಓಡ್ತಿರುತ್ತೆ. ಇದಕ್ಕೆ ನನ್ನ ಹತ್ರ ಔಷಧ ಇಲ್ಲ."

ಒರೆಸ್ತ್ ಆ ಪುಟ್ಟ ಪರದೆಯನ್ನು ತುಂಬ ಹೊತ್ತು ನೋಡಿದ. ಕಣ್ಣು ಒರೆಸಿಕೊಂಡ. ಆಮೇಲೆ, ಮೂಗಿನಿಂದ ಉಸಿರು ಬಿಡುತ್ತ, "ಮೊದಲು ಬಾಗಿಲು ನೋಡ್ಕೊಂಡು ಬರ್ತೀನಿ," ಅಂದ. ಬಚ್ಚಲಿನ ಹೊಸ ಚೌಕಟ್ಟಿನಲ್ಲಿ ಅವನ ಕುರ್ಚಿ ಎಲ್ಲೂ ತಾಗದೆ ಒಳಗೆ ಹೋಯಿತು. ಹಾಲ್‌ನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಒಳಗಿನಿಂದ, "ಇದಕ್ಕೂ ತಟ್ತೀರೇನ್ರೋ!" ಅಂತ ಅವನ ದನಿ ಕೇಳಿಸಿತು.

ಆಚೆ ಬಂದಾಗ ನೆಸ್ಟರ್ ಒಬ್ಬನೇ ಪಿಟೀಲಿನಲ್ಲಿ ನಿಧಾನದ ವಾಲ್ಟ್ಜ್ ಎತ್ತಿಕೊಂಡಿದ್ದ. ಡಾರ್ಕಾ ಅಡುಗೆಮನೆಯ ಬಾಗಿಲಲ್ಲಿ ಎಪ್ರನ್ ಬಿಚ್ಚುತ್ತ ನಿಂತಿದ್ದಳು.

"ಮನೆಗೆ ಹೋಗೋಣ್ವಾ? ತಲೆ ನೋಯ್ತಿದೆಯಾ?" ಅಂದಳು, ಅಭ್ಯಾಸಬಲದಿಂದ.

"ಇಲ್ಲ," ಅಂದ ಒರೆಸ್ತ್. ಅವನಿಗೇ ಆಶ್ಚರ್ಯವಾಗಿತ್ತು. "ಹಸಿವಾಗ್ತಿದೆ. ಅದಕ್ಕೂ ಮುಂಚೆ ಬಾ ಇಲ್ಲಿ."

"ಎಲ್ಲಿಗೆ?"

"ಕುಣಿಯೋಕೆ."

"ಹುಚ್ಚಾ ನಿಂಗೆ?"

ಅವನು ಅವಳ ಒಂದು ಕೈ ಹಿಡಿದು, ಇನ್ನೊಂದು ಕೈಯಲ್ಲಿ ಗಾಲಿ ತಿರುಗಿಸಿದ. ಕುರ್ಚಿ ಒಂದು ಸುತ್ತು ಬಂತು, ಡಾರ್ಕಾ ಅದರ ಸುತ್ತ ಒಂದು ಸುತ್ತು ಬಂದಳು. ಜನ ದಾರಿ ಬಿಟ್ಟರು. ಎರಡನೇ ಸುತ್ತಿಗೆ ಅವಳ ಮುಖದಲ್ಲಿ ನಗು ಬಂತು, ಮೂರನೆಯದಕ್ಕೆ ಅವಳೇ ಅವನನ್ನು ತಿರುಗಿಸತೊಡಗಿದಳು. ನಾಲ್ಕನೆಯದರಲ್ಲಿ ಕುರ್ಚಿ ಡಾಕ್ಟರಮ್ಮನ ಕಾಲ್ಬೆರಳ ಮೇಲೆ ಹತ್ತಿ ಇಳಿಯಿತು.

"ಅಯ್ಯಯ್ಯೋ ಡಾಕ್ಟ್ರಮ್ಮ, ನೋವಾಯ್ತಾ?" ಅಂದ ಒರೆಸ್ತ್ ಗಾಬರಿಯಿಂದ.

"ಆಯ್ತು," ಅಂದಳು ಆಕೆ, ಒಂಟಿ ಕಾಲಲ್ಲಿ ಕುಪ್ಪಳಿಸುತ್ತ.

"ನಿಲ್ಲಿಸ್ಬೇಡ," ಅಂದಳು ಡಾರ್ಕಾ ಗಂಡನಿಗೆ, ಅವನ ಕುರ್ಚಿಯನ್ನು ಇನ್ನೊಂದು ಸುತ್ತಿಗೆ ಎಳೆಯುತ್ತ. "ಅವರೇ ಡಾಕ್ಟ್ರು. ನೋಡ್ಕೋತಾರೆ."